ಮ್ಯಾಂಗನೀಸಿನ ಕಾಂತಗುಣವೂ ಪ್ರೊಫೆಸರ್ ಸಿ. ಎನ್. ಆರ್. ರಾವ್ ಅವರೂ

ಅಯಸ್ಕಾಂತವೆಂದೊಡನೆ ನಮಗೆ ನೆನಪಾಗುವುದು ಕಬ್ಬಿಣ. ಸೋಲೂರಿನಲ್ಲಾಗಲಿ ಬೆಂಗಳೂರಿನಲ್ಲಾಗಲಿ, ಕಾಂತದಂಡದ ಸುತ್ತ ಕಬ್ಬಿಣದ ರಜವನ್ನು ಉದುರಿಸಿಯೇ ವಿದ್ಯಾರ್ಥಿಗಳು ಈ ಪಾಠವನ್ನು ಕಲಿಯುತ್ತಾರೆ. ಆದರೆ ಕಬ್ಬಿಣದ ಲವಲೇಶವೂ ಇಲ್ಲದ ಕೆಲವು ಕರಿಯ ಆಕ್ಸೈಡುಗಳು ಸಹ ಅಯಸ್ಕಾಂತಗಳಾಗಬಲ್ಲವು. ಅಂಥವನ್ನು ಆಳವಾಗಿ ಶೋಧಿಸಿದವರಲ್ಲಿ ಕನ್ನಡ ನಾಡಿನ ಪ್ರೊಫೆಸರ್ ಸಿ. ಎನ್. ಆರ್. ರಾವ್ ಅವರು ಪ್ರಮುಖರು.

ರಾಯರು ಹುಟ್ಟಿದುದು 1934ನೆಯ ಜೂನ್ 30ರಂದು, ಬೆಂಗಳೂರಿನಲ್ಲಿ. ಮೊದಲ ಪಾಠ ಮನೆಯಲ್ಲಿ ತಾಯಿ ನಾಗಮ್ಮನವರಿಂದ. ಪ್ರೌಢ ವಿದ್ಯಾಭ್ಯಾಸ ಬಸವನಗುಡಿಯ ಆಚಾರ್ಯ ಪಾಠಶಾಲೆಯಲ್ಲಿ, ಕನ್ನಡ ಮಾಧ್ಯಮದಲ್ಲಿ. 1951ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎಸ್‌ಸಿ., 1953ರಲ್ಲಿ ಕಾಶಿಯಿಂದ ಎಂ.ಎಸ್‌ಸಿ., 1958ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆದು, ಮರುವರ್ಷವೇ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕರಾದರು. ಅವರು ರಸಾಯನಶಾಸ್ತ್ರಜ್ಞರು. ಆದರೆ ಘನವಸ್ತುಗಳ ವಿಷಯದಲ್ಲಿ ಭೌತಶಾಸ್ತ್ರಕ್ಕೂ ರಸಾಯನಶಾಸ್ತ್ರಕ್ಕೂ ನಡುವಣ ಗೋಡೆ ಬಹು ತೆಳುವಾದುದು.

ಲಾಂಥನಮ್, ಮ್ಯಾಂಗನೀಸ್, ಆಮ್ಲಜನಕಗಳ ಸಂಯುಕ್ತವೊಂದುಂಟು. ಅದು ವಿದ್ಯುತ್ತನ್ನು ಸುಲಭವಾಗಿ ಹರಿಯಗೊಡದು. ಲಾಂಥನಮಿನ ಸುಮಾರು ಮೂರನೆಯ ಒಂದು ಭಾಗಕ್ಕೆ ಬದಲಾಗಿ ಕ್ಯಾಲ್ಸಿಯಮ್ ಸೇರಿದರೆ, ತಕ್ಕಷ್ಟು ತಂಪಿನಲ್ಲಿ ಅದು ಅಯಸ್ಕಾಂತವೂ ಆಗುತ್ತದೆ, ಲೋಹದಂತೆ ವಾಹಕವೂ ಆಗುತ್ತದೆ. 1950ರಲ್ಲಿ ಹಾಲೆಂಡಿನ ಯೋಂಕರ್ ಮತ್ತು ವಾನ್ ಸ್ಯಾಂಟನ್ ಇಂಥ ಸಂಯುಕ್ತಗಳನ್ನು ವರ್ಣಿಸಿದರು. ರಾಯರು ಪದವಿ ಪಡೆದ 1951ರಲ್ಲಿ ಜೀನರ್ ಕಾರಣವನ್ನು ವಿವರಿಸಿದರು. ಪ್ರತಿಯೊಂದು ಮ್ಯಾಂಗನೀಸ್ ಅಯಾನೂ ಒಂದು ಪುಟ್ಟ ಅಯಸ್ಕಾಂತ. ನೆರೆಯ ಎರಡು ಅಯಾನುಗಳು ಒಂದೇ ದಿಕ್ಕಿಗೆ ಮೊಗಮಾಡಿದ್ದರೆ, ಎಲೆಕ್ಟ್ರಾನು ನಡುವಣ ಆಮ್ಲಜನಕದ ಮೂಲಕ ಒಂದರಿಂದ ಮತ್ತೊಂದಕ್ಕೆ ಸುಲಭವಾಗಿ ದಾಟುತ್ತದೆ, ವಿಮುಖವಾಗಿದ್ದರೆ ದಾಟಲಾರದು. ಹೊರಗಿನಿಂದ ಪ್ರಬಲ ಕಾಂತಕ್ಷೇತ್ರವನ್ನು ಒಡ್ಡಿದಾಗ ಅಯಾನುಗಳು ಸಾಲುಗೂಡುತ್ತವೆ, ವಿದ್ಯುತ್ತಿಗೆ ದಾರಿ ತೆರೆಯುತ್ತದೆ.

ಹೀಗೆ ವಿದ್ಯುದ್ರೋಧವು ಹಲವು ಪಟ್ಟು ಕುಗ್ಗುವುದು 1990ರ ದಶಕದಲ್ಲಿ ಕಂಡುಬಂದಾಗ ಹಳೆಯ ವಸ್ತುವಿಗೆ ಹೊಸ ಬೆಲೆ ಬಂದಿತು. ರಾಯರೂ ಅವರ ಸಹೋದ್ಯೋಗಿಗಳೂ ಧಾತುಗಳ ಪ್ರಮಾಣವನ್ನೂ ಅಯಾನುಗಳ ಗಾತ್ರವನ್ನೂ ಬದಲಿಸುತ್ತ, ಎಲೆಕ್ಟ್ರಾನುಗಳು ಯಾವಾಗ ಹರಿಯುತ್ತವೆ, ಯಾವಾಗ ಸ್ಫಟಿಕದಲ್ಲಿ ಕ್ರಮಬದ್ಧವಾಗಿ ನೆಲೆನಿಲ್ಲುತ್ತವೆ ಎಂಬುದನ್ನು ಪರಿಶೀಲಿಸಿದರು. ಪರಿಣಾಮವು ಚೆನ್ನಾಗಿ ತೋರಲು ಕೆಲವು ಟೆಸ್ಲಾಗಳಷ್ಟು, ಎಂದರೆ ಭೂಮಿಯದಕ್ಕಿಂತ ಸುಮಾರು ಲಕ್ಷ ಪಟ್ಟು ಪ್ರಬಲವಾದ ಕ್ಷೇತ್ರ ಬೇಕು. ಆದುದರಿಂದ ನಿತ್ಯದ ಯಂತ್ರಗಳಲ್ಲಿ ಇದರ ಬಳಕೆ ಕಠಿನ. ಆದರೂ ಘನವಸ್ತುವಿನೊಳಗೆ ಎಲೆಕ್ಟ್ರಾನುಗಳು ಒಂದನ್ನೊಂದು ಹೇಗೆ ನಿರ್ಬಂಧಿಸುತ್ತವೆ ಎಂಬ ಅರಿವು ಇದರಿಂದ ಬೆಳೆಯಿತು.

ಬಾಲ್ಯದಲ್ಲಿ ಸಹಪಾಠಿಗಳಿಗೆ ಗಣಿತವನ್ನು ಹೇಳಿಕೊಡುತ್ತಿದ್ದ ರಾಯರಿಗೆ ಬೋಧನೆಯ ಪ್ರೀತಿ ಮುಂದೆಯೂ ಉಳಿಯಿತು. ಪತ್ನಿ ಇಂದುಮತಿಯವರೊಡನೆ ಅವರು ಮಕ್ಕಳಿಗಾಗಿ ರಸಾಯನಶಾಸ್ತ್ರದ ಪುಸ್ತಕವನ್ನು ರಚಿಸಿದರು. 2014ರಲ್ಲಿ ಭಾರತರತ್ನವನ್ನು ಸ್ವೀಕರಿಸಿದರು. ವಸ್ತು ಹಳೆಯದಾದರೂ ಪ್ರಶ್ನೆ ಹೊಸದಾಗಿರಬಹುದೆಂಬುದು ಅವರ ಕಾರ್ಯದಿಂದ ನಮ್ಮ ವಿದ್ಯಾರ್ಥಿಗಳು ಕಲಿಯಬೇಕಾದ ಪಾಠ.