ಬಿದ್ದ ಹಲಸನ್ನು ಸೌದೆಗೆ ಕೊಡಬೇಡಿ

ಗಾಳಿಗೆ ಬಿದ್ದ ನಮ್ಮ ಬೆಟ್ಟಿನ ಹಲಸಿನ ಮರವನ್ನು ಸೌದೆ ಲೆಕ್ಕದಲ್ಲಿ ಕೇಳಿದರು. ಕೊಡಲಿಲ್ಲ. ಹಲಗೆ ಸೀಳಿಸಿ, ಈ ಪ್ರಾಯದಲ್ಲಿ ನಮ್ಮೂರ ಆಚಾರಿಯವರ ಶಿಷ್ಯನಾಗಿ, ಗೋಡೆಗೆ ಒತ್ತಿ ಇಡುವ ಸಪೂರ ಮೇಜು ಮಾಡಲು ಕಲಿತೆ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಮನೆ ಜಗಲಿಗೆ ಇದು ಹೊಂದುತ್ತದೆ.

ಮೊದಲನೆಯದು ಹಾಳಾಯಿತು. ಹಸಿ ಹಲಗೆಯನ್ನೇ ಬಿಗಿಯಾಗಿ ಮೊಳೆ ಹೊಡೆದು ಕೂರಿಸಿದ್ದೆ. ಬೇಸಿಗೆಯಲ್ಲಿ ನಡುವೆ ಸೀಳಿತು. ಮರ ಉದ್ದಕ್ಕೆ ಕುಗ್ಗುವುದು ತೀರಾ ಕಡಿಮೆ, ಅಗಲಕ್ಕೆ ಕುಗ್ಗುತ್ತದೆ. ನಮ್ಮ ಮಳೆಗಾಲದಲ್ಲಿ ಪುನಃ ಹಿಗ್ಗುತ್ತದೆ.

ಹಾಗಾಗಿ ಒಂದಿಂಚು ದಪ್ಪದ ಹಲಗೆಯನ್ನು ನೆರಳಲ್ಲಿ, ನಡುನಡುವೆ ರೀಪು ಕೊಟ್ಟು ಪೇರಿಸಿ, ಸುಮಾರು ಒಂದು ವರ್ಷ ಒಣಗಿಸಿ. ಹೊರಗಿನ ಬಿಳಿಭಾಗ ತೆಗೆಯಿರಿ. ಹುಳ ಮೊದಲು ಹಿಡಿಯುವುದು ಅದನ್ನೇ. ಹಳದಿ ತಿರುಳು ಬಾಳಿಕೆಯದ್ದು. ಎತ್ತರ 30 ಇಂಚು, ಅಗಲ 12 ಸಾಕು. ಕಾಲಿಗೆ ತೂತು, ಅಡ್ಡಪಟ್ಟಿಗೆ ನಾಲಿಗೆ; ನಾಲಿಗೆಯ ದಪ್ಪ ಪಟ್ಟಿಯ ಮೂರರಲ್ಲೊಂದು ಪಾಲು. ಮೇಲಿನ ಹಲಗೆಗೆ ಅಡಿಯಿಂದ ಸ್ಕ್ರೂ ಹಾಕುವಾಗ ಪಟ್ಟಿಯ ತೂತನ್ನು ಹಲಗೆಯ ಅಗಲದ ದಿಕ್ಕಿಗೆ ಉದ್ದ ಮಾಡಿ. ಹಲಗೆಗೆ ಸರಿಯಲು ಜಾಗ ಬೇಕು.

ಎರಡನೆಯ ಮೇಜು ಎರಡು ಮಳೆಗಾಲ ಕಂಡಿತು, ಬಿರುಕಿಲ್ಲ. ಆಚಾರಿ ಅಂದದ್ದು ಸರಿ: "ಒಣ್ಗುಕೆ ಬಿಡ್ದೆ ಬಿಗಿದ್ರೆ ಮರ ಒಡಿತ್ ಮಾರಾಯ್ರೆ."