ಇಲ್ಲದ ಪರಮಾಣುವನ್ನು ಹುಡುಕುವ ಕಣ

ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು ಮೆಗ್ನೀಸಿಯಂ ಪಟ್ಟಿ ಸುಟ್ಟು ತೋರಿಸಿದ್ದು ನೆನಪಿದೆಯೇ? ಕಣ್ಣು ಕುಕ್ಕುವ ಬೆಳಕು, ಆಮೇಲೆ ಚಿಟಿಕೆ ಬಿಳಿ ಪುಡಿ. ಆ ಪುಡಿಯೇ 1972ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಪ್ರತಿದ್ರವ್ಯವನ್ನು ಪಳಗಿಸಿತು ಎಂದರೆ ನಂಬುತ್ತೀರಾ? ನಾನಂತೂ ಓದಿದ್ದನ್ನೇ ಮತ್ತೆ ಓದಿದೆ!

ಆ ಪ್ರತಿದ್ರವ್ಯವೇ ಪಾಸಿಟ್ರಾನ್, ಇಲೆಕ್ಟ್ರಾನಿನ ಪ್ರತಿಕಣ. ತೂಕ ಅಷ್ಟೇ, ವಿದ್ಯುದಂಶ ಮಾತ್ರ ಧನ. 1932ರಲ್ಲಿ ಭೌತವಿಜ್ಞಾನಿ ಕಾರ್ಲ್ ಆಂಡರ್ಸನ್ ಕಣ್ಣಿಗೆ ಬಿತ್ತು. ಇಲೆಕ್ಟ್ರಾನಿಗೆ ಎದುರಾದರೆ ಎರಡೂ ಮಾಯ. ಸಾಮಾನ್ಯವಾಗಿ ಎರಡು ಗಾಮಾ ಕಿರಣ ಎದುರುಬದುರು ದಿಕ್ಕಿಗೆ ಹಾರುತ್ತವೆ. ವಿಕಿರಣಶೀಲ ಸೋಡಿಯಂ-22 ಪಾಸಿಟ್ರಾನುಗಳನ್ನು ಉಗುಳುತ್ತಲೇ ಇರುತ್ತದೆ. ಆದರೆ ಐದು ಲಕ್ಷ ಇಲೆಕ್ಟ್ರಾನ್ ವೋಲ್ಟ್ ದಾಟಬಲ್ಲ ಆ ರಭಸಕ್ಕೆ ಕಂಪ್ಯೂಟರ್ ಚಿಪ್‌ನ ತೆಳುಪದರವೆಲ್ಲ ಲೆಕ್ಕಕ್ಕೇ ಇಲ್ಲ, ತೂರಿ ಹೋಗುತ್ತವೆ!

ಲಂಡನ್ನಿನವರು ಆ ಬಿಳಿ ಪುಡಿಯನ್ನು ಚಿನ್ನದ ತಗಡುಗಳಿಗೆ ಹಚ್ಚಿ ಪಾಸಿಟ್ರಾನುಗಳ ದಾರಿಯಲ್ಲಿಟ್ಟರು. ಲಕ್ಷ ಪಾಸಿಟ್ರಾನ್ ನುಗ್ಗಿದರೆ ಬೆರಳೆಣಿಕೆಯಷ್ಟು ಮಾತ್ರ ದಣಿದು, ತೀರಾ ಮೆಲ್ಲಗೆ ಹೊರಬಂದವು. ಎಂಥ ದುಬಾರಿ ವ್ಯಾಪಾರ! ಆಮೇಲೆ ಟಂಗ್‌ಸ್ಟನ್ ಹಾಳೆ ಬಂತು, 1986ರಲ್ಲಿ ಹೆಪ್ಪುಗಟ್ಟಿಸಿದ ನಿಯಾನ್. ಅದರಲ್ಲೂ ಉಳಿಯುವುದು ನೂರಕ್ಕೆ ಒಂದರಷ್ಟೇ.

ಆ ಒಂದೇ ಸಾಕು. ಮೆಲ್ಲಗಾದ ಕಣವನ್ನು ವೋಲ್ಟೇಜ್ ಏರಿಸಿ ಬೇಕಾದ ಆಳಕ್ಕೇ ಕಳಿಸಬಹುದು: ಕೆಲವು ನ್ಯಾನೋಮೀಟರಿನಿಂದ ಮೈಕ್ರೋಮೀಟರ್‌ಗಳವರೆಗೆ. ಒಳಗೆ ಹೋಗಿ ಅದು ಮಾಡುವುದೇನು ಗೊತ್ತೇ? ಪರಮಾಣು ಇಲ್ಲದ ಜಾಗ ಹುಡುಕಿ ಕೂರುವುದು! ಪರಮಾಣು ಬೀಜಗಳೂ ಧನ, ಇದೂ ಧನ, ಸುತ್ತಲೂ ತಳ್ಳುವವರೇ. ಖಾಲಿ ಕುಳಿಯಲ್ಲಷ್ಟೇ ನೆಮ್ಮದಿ. ಅಲ್ಲಿ ಇಲೆಕ್ಟ್ರಾನುಗಳೂ ವಿರಳ, ಹಾಗಾಗಿ ಸಾವು ತುಸು ತಡ. ದೋಷವಿಲ್ಲದ ಸಿಲಿಕಾನಿನಲ್ಲಿ ಅದರ ಆಯುಸ್ಸು ಸುಮಾರು 218 ಪಿಕೋಸೆಕೆಂಡ್. ಒಂದು ಪರಮಾಣು ಕಾಣೆಯಾದ ಕಡೆ 270ರ ಆಸುಪಾಸು. ಪಿಕೋಸೆಕೆಂಡ್ ಎಂದರೆ ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಪಾಲು! ಹತ್ತು ಲಕ್ಷ ಪರಮಾಣುಗಳಲ್ಲಿ ಒಂದು ಇಲ್ಲದಿದ್ದರೂ ಈ ವ್ಯತ್ಯಾಸ ಚಾಡಿ ಹೇಳಿಬಿಡುತ್ತದೆ.

ಇಷ್ಟು ಸಣ್ಣ ಆಯುಸ್ಸನ್ನು ಅಳೆಯಲು ಹುಟ್ಟಿದ ಗಳಿಗೆ ಗೊತ್ತಿರಬೇಕಲ್ಲ? ಸೋಡಿಯಂ-22 ಪಾಸಿಟ್ರಾನಿನ ಬೆನ್ನಿಗೇ ಒಂದು ಗಾಮಾ ಕಿರಣ ಬಿಟ್ಟು ಸುದ್ದಿ ಕೊಡುತ್ತದೆ. ಆದರೆ ದಾರಿಯಲ್ಲಿ ದಣಿಸಿದ ಕಣಕ್ಕೆ ಆ ಜಾತಕ ನಡೆಯದು. ಅದಕ್ಕೇ ಕಣಗಳನ್ನು ಗೊಂಚಲು ಗೊಂಚಲಾಗಿ ಕಳಿಸಿ, ಗೊಂಚಲು ಬಂದು ಬಡಿದ ಕ್ಷಣದಿಂದ ಎಣಿಸುತ್ತಾರೆ. ಸೋಡಿಯಂ-22 ಒಂದೇ ಮೂಲವಲ್ಲ. ಜರ್ಮನಿಯ ಮ್ಯೂನಿಕ್ ಬಳಿ ಗಾರ್ಖಿಂಗ್‌ನ ರಿಯಾಕ್ಟರು ಸೆಕೆಂಡಿಗೆ ನೂರು ಕೋಟಿ ನಿಧಾನ ಪಾಸಿಟ್ರಾನುಗಳನ್ನು ಕೊಟ್ಟಿದೆ. ನಮ್ಮ ಹತ್ತಿರದ ಕಲ್ಪಾಕಂನಲ್ಲೂ ನಿಧಾನ ಪಾಸಿಟ್ರಾನುಗಳ ಪುಂಜವೊಂದಿದೆ. ಅದರ ಮೂಲ ಅದೇ ಸೋಡಿಯಂ-22.