ಡುರಿಯನ್ ಹಣ್ಣು ಮತ್ತು ಸಂತಾನದ ಹಂಬಲ

ವಿಜಯನಗರದ ರಸ್ತೆಬದಿಗಳಲ್ಲಿ ತೊಳೆ ಬಿಡಿಸಿ ಮಾರುವ ಹಲಸನ್ನು ನಾವೆಲ್ಲರೂ ಬಲ್ಲೆವು. ನೋಟಕ್ಕೆ ಅದನ್ನೇ ಹೋಲುವ, ಆದರೆ ಮೈತುಂಬ ಚೂಪಾದ ಮುಳ್ಳುಗಳಿರುವ ಡುರಿಯನ್ ಹಣ್ಣನ್ನು ಕುರಿತು ಬರೆಯಲು ಕಾರಣವಿದೆ. ಇದನ್ನು ಸೇವಿಸಿದರೆ ಮಕ್ಕಳಾಗುತ್ತವೆಂಬ ನಂಬಿಕೆ ದಕ್ಷಿಣ ಭಾರತದಲ್ಲಿ ಹಬ್ಬಿದೆ. ನೀಲಗಿರಿಯ ಇಳಿಜಾರಿನ ಕಲ್ಲಾರ್, ಬರ್ಲಿಯಾರ್ ತೋಟಗಾರಿಕಾ ಕ್ಷೇತ್ರಗಳಲ್ಲಿ ಇದರ ಮರಗಳಿವೆ. ಮಕ್ಕಳಿಲ್ಲದ ದಂಪತಿಗಳು ಹಣ್ಣನ್ನು ಅರಸಿ ಅಲ್ಲಿಗೆ ಹೋಗುವುದುಂಟು.

ಡುರಿಯನ್ ಹಲಸಿನ ದಾಯಾದಿಯಲ್ಲ. ಹಲಸು ಆಲ, ಅತ್ತಿಗಳ ಕುಟುಂಬದ್ದು. ಡುರಿಯನ್ ನಾವು ಪೂಜೆಗೆ ಕೊಯ್ಯುವ ದಾಸವಾಳದ ಕುಟುಂಬಕ್ಕೆ ಸೇರಿದೆ. ಅದರ ತವರು ಬೋರ್ನಿಯೊ, ಸುಮಾತ್ರ ದ್ವೀಪಗಳು. ಗಂಧಕಯುಕ್ತ ಅಂಶಗಳಿಂದ ಬರುವ ಅದರ ವಾಸನೆ ಎಷ್ಟು ಉಗ್ರವೆಂದರೆ, ಸಿಂಗಪುರದ ನಗರ ರೈಲುಗಳಲ್ಲಿ ಹಣ್ಣನ್ನು ಒಯ್ಯುವಂತಿಲ್ಲ. ಮೂಗಿನ ಅಡ್ಡಿಯನ್ನು ದಾಟಿದವರು ಮಾತ್ರ ರುಚಿಯನ್ನು ಬಹುವಾಗಿ ಹೊಗಳುತ್ತಾರೆ!

100 ಗ್ರಾಂ ತಿರುಳಿನಲ್ಲಿ ಸುಮಾರು 147 ಕ್ಯಾಲೊರಿ, 27 ಗ್ರಾಂ ಪಿಷ್ಟ-ಸಕ್ಕರೆ, 5 ಗ್ರಾಂ ಕೊಬ್ಬು ಇವೆ. ಅಷ್ಟೇ ಹಲಸಿನಲ್ಲಿ ಸುಮಾರು 95 ಕ್ಯಾಲೊರಿ. ಆದುದರಿಂದ ಮಧುಮೇಹಿಗಳು ಡುರಿಯನ್ನನ್ನು ಮಿತಿಯಲ್ಲಿಯೇ ಸೇವಿಸಬೇಕು. ಪೊಟ್ಯಾಸಿಯಂ ಹೆಚ್ಚಿರುವುದರಿಂದ ಮೂತ್ರಪಿಂಡದ ಕಾಯಿಲೆಯುಳ್ಳವರು ವೈದ್ಯರನ್ನು ಕೇಳದೆ ಮುಟ್ಟಬಾರದು; ಈ ಎಚ್ಚರಿಕೆ ಹಲಸಿಗೂ ಅನ್ವಯಿಸುತ್ತದೆ. ಬೀಜವನ್ನು ಹಸಿಯಾಗಿ ತಿನ್ನಬಾರದು.

ಇನ್ನು ಸಂತಾನದ ಮಾತು. ಡುರಿಯನ್ ಬಂಜೆತನವನ್ನು ನೀಗುತ್ತದೆಂಬುದು ಮನುಷ್ಯರಲ್ಲಿ ಸಿದ್ಧಪಟ್ಟಿಲ್ಲ. ಗರ್ಭನಾಳ ಮುಚ್ಚಿರಬಹುದು, ಅಂಡೋತ್ಪತ್ತಿ ಕ್ರಮ ತಪ್ಪಿರಬಹುದು, ಥೈರಾಯ್ಡ್ ತೊಂದರೆಯಿರಬಹುದು, ವೀರ್ಯಾಣುಗಳು ಕಡಿಮೆಯಿರಬಹುದು. ಇವುಗಳಲ್ಲಿ ಯಾವುದೆಂದು ತಿಳಿಯದೆ ಹಣ್ಣೊಂದನ್ನು ನಂಬಿ ಕೂರುವುದು ಹೇಗೆ? ನಮ್ಮ ಮನೆಗಳಲ್ಲಿ ಸೊಸೆಯೊಬ್ಬಳನ್ನೇ ಪರೀಕ್ಷೆಗೆ ಕಳುಹಿಸುವ, ಅವಳೊಬ್ಬಳಿಗೇ ಪಥ್ಯ ಮಾಡಿಸುವ ರೂಢಿ ಇನ್ನೂ ಹೋಗಿಲ್ಲ. ಇದು ನಮಗೆ ನೋವಿನ ಸಂಗತಿ. ಸುಮಾರು ಅರ್ಧದಷ್ಟು ದಂಪತಿಗಳಲ್ಲಿ ಪುರುಷನ ಕಡೆಯ ಕಾರಣವೂ ಇರುತ್ತದೆ. ಅವನ ವೀರ್ಯಪರೀಕ್ಷೆಯೋ ಅತ್ಯಂತ ಸರಳವಾದುದು.

ಒಂದು ವರ್ಷ ಕೂಡಿ ಬಾಳಿದರೂ ಗರ್ಭ ನಿಲ್ಲದಿದ್ದರೆ ದಂಪತಿಗಳಿಬ್ಬರೂ ವೈದ್ಯರನ್ನು ಕಾಣಬೇಕು. ಪತ್ನಿಗೆ 35 ವರ್ಷ ದಾಟಿದ್ದರೆ ಆರು ತಿಂಗಳಿಗಿಂತ ಹೆಚ್ಚು ಕಾಯಬಾರದು. ಮುಂದಿನ ಫಸಲು ಬರಲೆಂದು ಕಾಯುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಪಿಸಿಒಡಿ ಇದ್ದು ದೇಹದ ತೂಕವೂ ಹೆಚ್ಚಿರುವ ಹೆಣ್ಣುಮಕ್ಕಳಿಗೆ ವೈದ್ಯರು ಮೊದಲು ಹೇಳುವುದೇ ತೂಕ ಇಳಿಸಲು; ಅಂಥವರಿಗೆ ಮನೆಯವರು ಪ್ರೀತಿಯಿಂದ ದಿನವೂ ಡುರಿಯನ್ ತಿನ್ನಿಸಿದರೆ ಆಗುವುದು ಅದಕ್ಕೆ ವಿರುದ್ಧ.